ಎರಡು ರಿಂಗು

ಫೋನು ಹೊಡೆದುಕೊಳ್ಳತೊಡಗಿದಾಗ ತ್ರಿವೇಣಿ ಬಿಲ್ವದ ಟೊಂಗೆಯಿಂದ ಎಲೆ ಬಿಡಿಸುತ್ತಿದ್ದಳು. ಮುಳ್ಳು ಬೆರಳಿಗೆ ಚುಚ್ಚಿತು. ಅವಳು ಕೈ ಹಿಂದಕ್ಕೆಳೆಯಲಿಲ್ಲ. ಉಸಿರು ಬಿಗಿಹಿಡಿದು, ತಲೆ ಇನ್ನಷ್ಟು ಬಗ್ಗಿಸಿ, ಮೂರೆಲೆಯ ದಳವೊಂದನ್ನು ಭಾರೀ ಜೋಪಾನದಿಂದ ಬಿಡಿಸುವವಳ ಹಾಗೆ ನಟಿಸಿದಳು. ಸತ್ತವರ ಮನೆಗೆ ಬಂದು ನಾಲ್ಕು ತಾಸಾಗಿತ್ತು. ಇನ್ನೂ ಅತ್ತಿರಲಿಲ್ಲ. ಬಂದಾಗಿನಿಂದ ಅವಳನ್ನು ಕಾಡುತ್ತಿದ್ದ ಚಿಂತೆ ಇನ್ನೊಬ್ಬರ ಮುಂದೆ ಹೇಳುವಂಥದ್ದಲ್ಲ, ತನಗೆ ತಾನೇ ಒಪ್ಪಿಕೊಳ್ಳುವುದಕ್ಕೂ ನಾಚಿಕೆ: ಯಾರಾದರೂ ನನಗೆ ಫೋನು ಎತ್ತು ಎಂದುಬಿಟ್ಟರೆ?

"ಏ ತ್ರಿವೇಣಿ, ಅಲ್ಲೇ ಕುಂತೀಯಲ್ಲ, ಫೋನ್ ಎತ್ತವಾ," ಅಡುಗೆಮನೆಯಿಂದ ಯಾರೋ ಕೂಗಿದರು.

ಅಷ್ಟರಲ್ಲಿ ಪಕ್ಕದ ಮನೆಯ ರಾಧಾಬಾಯಿ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ರಿಸೀವರ್ ಎತ್ತಿದಳು. ಹೌದು, ಬೆಳಗಿನ ಜಾವ ಹೋದರು, ಮಲಗಿದಲ್ಲೇ ಹೋದರು, ನಾಲ್ಕಕ್ಕೆ ಎತ್ತುತ್ತಾರೆ ಎಂದು ಮರಾಠಿಯಲ್ಲಿ ಹೇಳಿ ಇಟ್ಟಳು. ಇಪ್ಪತ್ತು ವರ್ಷ ಗೋಡೆಯ ಆಚೆಯಿಂದ ಕೇಳಿ ಕಲಿತ ಕನ್ನಡದಲ್ಲಿ ಸುತ್ತಲಿನವರಿಗೆ, "ಈ ಹುಡಗಿ ಫೋನ್ ನೋಡಿದ್ರ ಹಾವು ಕಂಡಂಗ ಮಾಡ್ತದ ನೋಡ್ರಿ. ಮತ್ತ ಕಂಪ್ಯೂಟರ್ ಆಫೀಸ್ನಾಗ ನೌಕರಿ ಅಂತ!" ಎಂದಳು. ಇಬ್ಬರು ಹೆಂಗಸರು ನಕ್ಕು, ಸಾವಿನ ಮನೆಯೆಂದು ನೆನಪಾಗಿ ಸೆರಗು ಬಾಯಿಗಿಟ್ಟುಕೊಂಡರು.

ಪುಣೆಯ ಪಕ್ಕದ ಭೋಸರಿಯ ಆ ಎರಡು ಕೋಣೆಯ ಮನೆಯಲ್ಲಿ ಹೊಳಬಸಪ್ಪನವರನ್ನು ಹೊರಕೋಣೆಯ ಗೋಡೆಗೆ ಆನಿಸಿ ಕುಳ್ಳಿರಿಸಿದ್ದರು. ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ, ಹಣೆಗೆ ವಿಭೂತಿ ಎಳೆದು, ತಲೆಗೆ ಬಿಳಿ ರುಮಾಲು ಸುತ್ತಿ, ಕುತ್ತಿಗೆ ಜೋಲದಂತೆ ಹಣೆಯ ಮೇಲಿಂದ ಒಂದು ವಸ್ತ್ರ ಹಾಯಿಸಿ ಕಿಟಕಿಯ ಸರಳಿಗೆ ಕಟ್ಟಿದ್ದರು. ಒಂದು ಗೋಡೆಗೆ ಕಪಾಟು, ಇನ್ನೊಂದಕ್ಕೆ ಹೊಲಿಗೆ ಮಷಿನ್ನು; ಕುಳ್ಳಿರಿಸಲು ಜಾಗವಿದ್ದದ್ದು ಗೋಡೆಯೊಳಗಿನ ಗೂಡಿನಂಥ ಫೋನಿನ ಮಾಡದ ಪಕ್ಕದಲ್ಲಿ ಮಾತ್ರ. ಹೀಗಾಗಿ ಅವರು ಯಾವುದೋ ಫೋನಿಗೆ ಕಾದು ಕುಳಿತವರ ಹಾಗೇ ಕಾಣುತ್ತಿದ್ದರು.

"ನಮ್ಮಲ್ಲಿ ಮಲಗಿಸಿಬಿಡತೇವ," ರಾಧಾಬಾಯಿ ಅಂದಳು. "ಇಲ್ಲಿ ನೋಡಿದ್ರ ಕಾಕಾ ಈಗ ಚಹಾ ಕೇಳತಾರೇನೋ ಅನಸ್ತದ."

ಮಗ ಸಂಜು ಬೆಳಗಿನಿಂದ ಹತ್ತು ಸಲ ಮೆಟ್ಟಿಲು ಹತ್ತಿ ಇಳಿದಿದ್ದ. ಕೆಳಗೆ ಹೆಣ ಒಯ್ಯುವ ಹೂವಿನ ವಿಮಾನ ಸಿದ್ಧವಾಗಿತ್ತು, ಟೆಂಪೋದವನು ಹಾರ್ನು ಬಾರಿಸುತ್ತಿದ್ದ. ಅವನು ತಾಯಿಯ ಮುಂದೆ ಬಂದು ನಿಂತ.

"ಎಷ್ಟೊತ್ತಂತ ಕಾಯೋದಬೇ? ಅಯ್ಯನಾರು ಆಗಲೇ ಎರಡ ಸಲ ಗಡಿಯಾರ ನೋಡಿದ್ರು."

"ಗೋದಾ ಬರಲಿ," ಎಂದಳು ಪಾರವ್ವ. "ಮುಂಜಾನೆ ಆರೂವರಿ ಎಸ್ಟಿ ಬಸ್ ಹತ್ಯಾಳ. ಮೂರಕ್ಕ ಬರ್ತಾಳ."

"ಆ ಸಮುದ್ರದ ಊರಿನವ್ರು ಬಂದು ಆಗೋದೇನದ? ಅವರ ಸಲುವಾಗೇ ಅಪ್ಪಗ ಆಫೀಸಿನಿಂದ ಹೊರಗ ಹಾಕಿದ್ರು. ನಿದ್ದಿಬುರಕ ಮುದುಕ ಅಂತ ಹೆಸರಿಟ್ರು. ಅಂದಿನಿಂದ ಆ ಮಾಡದ ಮುಂದ ಬಾಯಿ ಮುಚ್ಚಿ ಕುಂತಾವ ಇವತ್ತ ಎದ್ದ ಹೋದ. ನಿನಗ ಇನ್ನೂ ಅವರ ಚಿಂತಿ!"

"ನಿಮ್ಮಪ್ಪ ನಿದ್ದಿ ಮಾಡಿದ್ದಿಲ್ಲ. ನನ್ನ ಹಾಸಿಗಿ ಬಾಜೂಕ ಕುಂತಿದ್ರು." ಪಾರವ್ವ ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡಳು. ಎರಡು ವರ್ಷದ ಹಿಂದೆ ಆಪರೇಶನ್ ಆದದ್ದು ಆ ಕಣ್ಣು. "ಈ ಹಾಳ ಕಣ್ಣಿನ ಸಲುವಾಗಿ ಅವರ ಹೆಸರು ಹೋತು. ಅದಕ್ಕ ಬೈಯೋದಿದ್ರ ನನಗ ಬೈ."

ತ್ರಿವೇಣಿಯ ಬೆರಳಿಂದ ಒಂದು ಹನಿ ರಕ್ತ ಎಲೆಯ ಮೇಲೆ ಬಿತ್ತು. ಆ ಎಲೆಯನ್ನು ಅವಳು ಬುಟ್ಟಿಗೆ ಹಾಕದೆ ತೊಡೆಯ ಕೆಳಗೆ ತಳ್ಳಿದಳು.

*

ಅವಳು ಹೊಳಬಸಪ್ಪನವರ ಆಫೀಸು ಸೇರಿದ್ದು ಎರಡು ಸಾವಿರದ ಎರಡರಲ್ಲಿ, ಬಿ.ಎ. ಮುಗಿದ ಮಳೆಗಾಲದಲ್ಲಿ. ಅಪ್ಪ ಶಿವಾಜಿನಗರದ ಕೋರ್ಟಿನಲ್ಲಿ ಗುಮಾಸ್ತರು. ಧಾರವಾಡದ ಕಡೆಯವರೆಂದು ಹೊಳಬಸಪ್ಪನವರ ಪರಿಚಯ. "ಮಗಳು ಮಾತು ಕಡಿಮಿ, ದಿನಾ ಡೈರಿ ಬರೀತಾಳ, ಅಕ್ಷರ ಚಂದ ಅದ" ಎಂದು ಅಪ್ಪ ಹೇಳಿದ್ದೇ ಅರ್ಜಿ. "ಡೈರಿ ಬರೆಯೋರು ದಿನಾ ತಪ್ಪಸೋದಿಲ್ಲ. ನಮಗ ಅಂಥವರೇ ಬೇಕು" ಎಂದರಂತೆ ಅವರು.

'ಕಿನಾರಾ' ಎಂಬ ಆ ಸಂಸ್ಥೆ ಕೊಂಕಣದ ಐದು ಮೀನುಗಾರರ ಊರುಗಳಲ್ಲಿ ಕಂಪ್ಯೂಟರ್ ಕೇಂದ್ರ ನಡೆಸುತ್ತಿತ್ತು. ಕೇಂದ್ರವೆಂದರೆ ಒಂದು ಕೋಣೆ, ಪುಣೆಯ ಯಾವುದೋ ಆಫೀಸು ಬಿಟ್ಟುಕೊಟ್ಟ ಎರಡು ಹಳೆಯ ಕಂಪ್ಯೂಟರು, ಒಂದು ಫೋನು, ತೆಂಗಿನ ಮರಕ್ಕೆ ಕಟ್ಟಿದ ಒಂದು ಭೋಂಗಾ, ಅಂದರೆ ಧ್ವನಿವರ್ಧಕ. ದಿನಾ ಮಧ್ಯಾಹ್ನ ಮೂರಕ್ಕೆ ಶಿವಾಜಿನಗರದ ಆಫೀಸಿಗೆ ಫ್ಯಾಕ್ಸಿನಲ್ಲಿ ಹವಾಮಾನದ ವರದಿ ಬರುತ್ತಿತ್ತು. ಅಲೆ ಎಷ್ಟು ಎತ್ತರ, ಗಾಳಿ ಯಾವ ಕಡೆ, ದೋಣಿ ಬಿಡಬಹುದೋ ಬಾರದೋ. ಅದನ್ನು ಸರಳ ಮರಾಠಿಯಲ್ಲಿ ಟೈಪು ಮಾಡಿ ಐದೂ ಊರಿಗೆ ಮೇಲ್ ಕಳಿಸಬೇಕು. ಅಲ್ಲಿನ ಹುಡುಗಿಯರು ಅದನ್ನು ತೆಗೆದು ಭೋಂಗಾದಲ್ಲಿ ಓದುತ್ತಾರೆ. ಅದನ್ನು ಕೇಳಿ ಗಂಡಸರು ಸಂಜೆ ದೋಣಿ ನೂಕುತ್ತಾರೆ, ಇಲ್ಲವೆ ಬಲೆ ಹೊಲಿಯುತ್ತ ದಂಡೆಯಲ್ಲಿ ಕೂರುತ್ತಾರೆ.

ಹೊಳಬಸಪ್ಪನವರು ತಂತಿ ಆಫೀಸಿನಲ್ಲಿ ಮೂವತ್ತಾರು ವರ್ಷ ಕಟ್ಟೆಕಟ್ ಅನ್ನಿಸಿ ನಿವೃತ್ತರಾದವರು. ಕಂಪ್ಯೂಟರನ್ನು ಅವರು ತುಸು ಉದ್ದ ಕೈಯ ತಂತಿಯಂತ್ರ ಎಂದೇ ತಿಳಿದಿದ್ದರು. ಮೂರು ತಿಂಗಳಿಗೊಮ್ಮೆ ಎಸ್ಟಿ ಬಸ್ಸಿನಲ್ಲಿ ತೊಡೆಯ ಮೇಲೆ ಮಾನಿಟರ್ ಇಟ್ಟುಕೊಂಡು ಊರೂರಿಗೆ ಹೋಗುತ್ತಿದ್ದರು. ಸಮುದ್ರದ ಉಪ್ಪುಗಾಳಿ ಯಂತ್ರದೊಳಗಿನ ಪಟ್ಟಿಗಳಿಗೆ ಕಿಲುಬು ಹಿಡಿಸುತ್ತದೆ. ಶಾಲೆಯ ಮಕ್ಕಳ ರಬ್ಬರಿನಿಂದ ಅದನ್ನು ಉಜ್ಜಿದರೆ ಯಂತ್ರ ಮತ್ತೆ ಏಳುತ್ತದೆ. ಆ ಊರುಗಳಲ್ಲಿ ಅವರಿಗೆ 'ರಬ್ಬರ್ ಆಜೋಬಾ', ರಬ್ಬರ್ ಅಜ್ಜ, ಎಂದೇ ಹೆಸರು.

"ಕಳಸೋದು ಕೆಲಸ ಅಲ್ಲ ತಂಗಿ, ಮುಟ್ಟೋದು ಕೆಲಸ," ಎಂದಿದ್ದರು ಮೊದಲ ದಿನ. ಮೇಲ್ ಕೈಸೇರಿ, ಭೋಂಗಾದಲ್ಲಿ ಓದಿ ಮುಗಿದ ಮೇಲೆ ಆ ಊರಿನವರು ಆಫೀಸಿಗೆ ಫೋನು ಮಾಡಿ ಎರಡೇ ಎರಡು ರಿಂಗು ಕೊಟ್ಟು ಇಡಬೇಕು. ಯಾರೂ ಎತ್ತುವುದಿಲ್ಲ, ಯಾರಿಗೂ ಖರ್ಚಿಲ್ಲ. ನಾಲ್ಕರಿಂದ ಹತ್ತು ನಿಮಿಷಕ್ಕೊಂದು ಊರು. ಎರಡು ರಿಂಗು ಕೇಳಿಸಿದರೆ ರಿಜಿಸ್ಟರಿನಲ್ಲಿ ಆ ಊರಿನ ಮುಂದೆ ಒಂದು ಗೀಟು. ಕೇಳಿಸದಿದ್ದರೆ ಹತ್ತು ನಿಮಿಷ ಕಾದು, ಆ ಊರಿನ ಇನ್ನೊಂದು ಫೋನಿಗೆ ಮಾಡಿ ಬಾಯಿಂದ ಹೇಳಬೇಕು. ಶಿಂಪಲೆವಾಡಿಯಲ್ಲಿ ಆ ಇನ್ನೊಂದು ಫೋನು ಇದ್ದದ್ದು ಐಸ್ ಕಾರ್ಖಾನೆಯಲ್ಲಿ. ಅಲ್ಲಿಯ ಪ್ರಲ್ಹಾದನಿಗೆ ಮಷಿನ್ನಿನ ಸದ್ದಿನಲ್ಲಿ ಕೇಳಿಸಬೇಕಾದರೆ ಒದರಬೇಕು.

ತ್ರಿವೇಣಿಗೆ ಆಗದಿದ್ದದ್ದು ಅದೊಂದೇ. ಫೋನು ಹಿಡಿದರೆ ಅವಳ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಹೊಳಬಸಪ್ಪನವರು ಅದನ್ನು ನೋಡಿ ನಗಲಿಲ್ಲ. ಟೈಮ್ ಹೇಳುವ ನಂಬರು ತಿರುಗಿಸಿ ರಿಸೀವರ್ ಅವಳ ಕೈಗೆ ಕೊಟ್ಟರು. "ಈಕಿಗೆ ಮಾತಾಡು. ಈಕಿ ಬರೇ ಗಂಟಿ ಹೇಳತಾಳ, ನಿನ್ನ ಮಾತು ಕೇಳಂಗಿಲ್ಲ. ನೀ ಏನ್ ಬೇಕಾದ್ರೂ ಅನ್ನು, ಬೇಕಾದ್ರ ನನಗೇ ಎರಡ ಬೈ." ದಿನಾ ಊಟದ ಹೊತ್ತಿನಲ್ಲಿ ಅವಳು ಆ ಯಂತ್ರದ ಹೆಂಗಸಿಗೆ, 'ನಮಸ್ಕಾರ, ನಾನು ಪುಣೆಯಿಂದ ತ್ರಿವೇಣಿ' ಎಂದು ಹೇಳುತ್ತಿದ್ದಳು. ಆ ಹೆಂಗಸು ಗಂಟೆ, ನಿಮಿಷ, ಸೆಕೆಂಡು ಹೇಳುತ್ತಿದ್ದಳು. ಇಬ್ಬರದೂ ಚೆನ್ನಾಗಿ ಹೊಂದಿಕೊಂಡಿತ್ತು.

*

ಎರಡು ಸಾವಿರದ ನಾಲ್ಕು, ಮೇ ತಿಂಗಳ ಕೊನೆಯ ವಾರ. ಮಳೆಗಾಲಕ್ಕೆ ಮೀನುಗಾರಿಕೆ ನಿಲ್ಲುವ ಮೊದಲು ದೋಣಿಗಳು ಕೊನೆಯ ಸುತ್ತು ಹೊರಡುವ ದಿನಗಳು. ಹೊಳಬಸಪ್ಪನವರು ಮಧ್ಯಾಹ್ನವೇ ಎದ್ದು ಹೋಗಿದ್ದರು. ಪಾರವ್ವನ ಕಣ್ಣಿನ ಆಪರೇಶನ್ನು. "ಇವತ್ತ ಎಲ್ಲಾ ನಿನ್ನ ಕೈಯಾಗ" ಎಂದು ಹೇಳಿ ಹೋಗಿದ್ದರು. ಆಫೀಸಿನಲ್ಲಿ ಅವಳೊಬ್ಬಳೇ.

ಆ ದಿನದ ವರದಿಯಲ್ಲಿ ಗಾಳಿಯ ಎಚ್ಚರಿಕೆ ಇತ್ತು: ದೋಣಿ ಬಿಡಬಾರದು. ಅವಳು ಟೈಪು ಮಾಡಿ, ಎರಡು ಸಲ ಓದಿ, ಕಳಿಸಿದಳು. ನಾಲ್ಕಕ್ಕೆ ಮೊದಲ ಊರಿನ ಎರಡು ರಿಂಗು ಬಂತು, ನಾಲ್ಕೂಹತ್ತರ ಪಾಳಿ ಶಿಂಪಲೆವಾಡಿಯದು. ಫೋನು ಸುಮ್ಮನಿತ್ತು. ಇಪ್ಪತ್ತಾಯಿತು. ಸುಮ್ಮನೇ ಇತ್ತು.

ಅವಳು ಐಸ್ ಕಾರ್ಖಾನೆಯ ನಂಬರು ತಿರುಗಿಸಿದಳು. ತಿರುಗಿಸಲಿಲ್ಲ ಎಂದು ಯಾರೂ ಹೇಳುವಂತಿಲ್ಲ. ಆ ಕಡೆ ಮಷಿನ್ನಿನ ಭರಭರ ಸದ್ದು, ಅದರ ಮೇಲೆ ಒಂದು ಗಂಡುಧ್ವನಿ, "ಹ್ಯಾಲೋ, ಕೋಣ?" ಎಂದು ಮರಾಠಿಯಲ್ಲಿ ಯಾರೆಂದು ಕೇಳಿತು. ಅವಳ ಬಾಯಿ ತೆರೆದಿತ್ತು. "ಹ್ಯಾಲೋ! ಅರೇ, ಕೋಣ ಆಹೇ?" ಹಿಂದೆ ಯಾರೋ ನಕ್ಕದ್ದು ಕೇಳಿಸಿತು. ಅವಳು ರಿಸೀವರ್ ಇಟ್ಟಳು. ಮೆಲ್ಲಗೆ, ಸದ್ದಾಗದಂತೆ ಇಟ್ಟಳು. ಇನ್ನೊಂದು ಸಲ ಮಾಡೋಣ ಎಂದು ಕೈ ಅದರ ಮೇಲೇ ಇಟ್ಟು ಕೂತಳು. ಅಷ್ಟರಲ್ಲಿ ಮೂರನೇ ಊರಿನ ಎರಡು ರಿಂಗು ಬಂತು, ನಾಲ್ಕನೆಯದು, ಐದನೆಯದು. ಐದರಲ್ಲಿ ನಾಲ್ಕು ಬಂದಿವೆ ಅಂದಮೇಲೆ ಶಿಂಪಲೆವಾಡಿಗೂ ಮೇಲ್ ಮುಟ್ಟಿರಲೇಬೇಕು, ಅಲ್ಲಿಯ ಕೇಂದ್ರದ ಹುಡುಗಿ ಗೋದಾ ರಿಂಗು ಕೊಡಲು ಮರೆತಿದ್ದಾಳೆ ಅಷ್ಟೆ. ಹೀಗೆಂದುಕೊಂಡು ಐದು ಊರಿನ ಮುಂದೆಯೂ ಗೀಟು ಎಳೆದಳು.

ಆ ರಾತ್ರಿಯ ಡೈರಿಯಲ್ಲಿ ಇದ್ದದ್ದು ಒಂದೇ ಸಾಲು: ಇವತ್ತು ಬಹಳ ಸೆಕೆ.

ಉಪ್ಪುಗಾಳಿ ಶಿಂಪಲೆವಾಡಿಯ ಕೇಂದ್ರದ ಫೋನಿನ ತಂತಿಯನ್ನು ಮಧ್ಯಾಹ್ನವೇ ತಿಂದುಹಾಕಿತ್ತು. ಮೇಲ್ ಕೂಡ ಮುಟ್ಟಲಿಲ್ಲ, ರಿಂಗೂ ಹೊರಡಲಿಲ್ಲ. ಪುಣೆಯಿಂದ ಎಚ್ಚರಿಕೆ ಇದ್ದಿದ್ದರೆ ಐಸ್ ಕಾರ್ಖಾನೆಗೆ ಫೋನು ಮಾಡಿ ಹೇಳುತ್ತಿದ್ದರು, ಹೇಳಿಲ್ಲವೆಂದರೆ ಸಮುದ್ರ ಸರಿಯಿದೆ ಎಂದು ಊರು ತಿಳಿಯಿತು. ಎರಡು ದೋಣಿ ಹೋದವು. ಒಂದು ತಿರುಗಿ ಬಂತು. ಇನ್ನೊಂದು ಅವಧೂತ ಎಂಬ ಮೀನುಗಾರನದು, ಅದು ಬಂಡೆಗೆ ಬಡಿದು ಚೂರಾಯಿತು. ಮರುದಿನ ಮಧ್ಯಾಹ್ನ ಅವನನ್ನು ಒಂದು ಹಲಗೆಯ ಮೇಲಿಂದ ಎತ್ತಿ ತಂದರು. ಎಡಗೈಯ ಮೂರು ಬೆರಳು ಹೋಗಿದ್ದವು.

*

ಅವರು ಬಂದದ್ದು ಮೂರೂಕಾಲಕ್ಕೆ. ಗೋದಾ ಮೊದಲು, ಎಣ್ಣೆ ಒತ್ತಿ ಬಾಚಿದ ತಲೆಯಲ್ಲಿ ಬಸ್ಸಿನ ಧೂಳು. ಹಿಂದೆ ಅವಧೂತ, ಎಡಗೈಯನ್ನು ಟವೆಲಿನಡಿ ಮುಚ್ಚಿಕೊಂಡು. ತ್ರಿವೇಣಿ ಅವನನ್ನು ನೋಡಿದ್ದು ಇದೇ ಮೊದಲು. ಇಷ್ಟು ಚಿಕ್ಕ ವಯಸ್ಸಿನವನು ಎಂದು ಅವಳು ಎಣಿಸಿರಲಿಲ್ಲ.

ಇಬ್ಬರೂ ಆಡುವುದು ಮರಾಠಿ. ಆ ಕೋಣೆಯಲ್ಲಿ ಅದು ಯಾರಿಗೂ ಹೊರಗಿನ ಭಾಷೆಯಲ್ಲ. ಗೋದಾ ಹೊಳಬಸಪ್ಪನವರ ಮುಂದೆ ಕೂತು, ಒಂದು ಹೊಸ ಬಿಳಿ ರಬ್ಬರನ್ನು ಅವರ ತೊಡೆಯ ಮೇಲಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹಾರದ ಚೆಂಡು ಹೂವುಗಳ ನಡುವೆ ಆ ರಬ್ಬರು ಎದ್ದು ಕಾಣುತ್ತಿತ್ತು. ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು ಇದೇನೆಂದು ಹುಬ್ಬೇರಿಸಿದರು, ಆದರೆ ತೆಗೆಸಲಿಲ್ಲ.

ಪಾರವ್ವ ಅವಧೂತನ ಕಡೆ ತಿರುಗಿ ಎರಡೂ ಕೈ ಜೋಡಿಸಿ ಮರಾಠಿಯಲ್ಲೇ ಅಂದಳು. "ನನ್ನ ಕಣ್ಣಿಗಾಗಿ ನಿನ್ನ ದೋಣಿ ಹೋಯಿತಪ್ಪಾ. ಅವರನ್ನು ಅವತ್ತು ನಾನೇ ಆಸ್ಪತ್ರೆಗೆ ಕರೆದೆ. ಬರಬೇಡಿ, ಕೆಲಸ ಮುಗಿಸಿ ಬನ್ನಿ ಅಂದಿದ್ದರೆ ಕೂತಿರುತ್ತಿದ್ದರು. ಮೇಲೆ ಹೋದವರನ್ನು ಬಯ್ಯಬೇಡ."

"ಛೇ, ಕಾಕೂ! ಬಯ್ಯಲು ಎಂಟು ತಾಸು ಬಸ್ಸಿನಲ್ಲಿ ಯಾರಾದರೂ ಬರುತ್ತಾರೆಯೇ?" ಅವಧೂತ ಅವಳ ಕೈ ಬಿಡಿಸಿದ. "ನಾನು ಬಂದದ್ದು ಒಂದು ಮಾತು ಕೇಳಲಿಕ್ಕೆ. ಆಜೋಬಾನನ್ನೇ ಕೇಳಬೇಕೆಂದಿದ್ದೆ. ಇವತ್ತು ನಾಳೆ ಅಂತ ಉಳಿದುಹೋಯಿತು."

"ಏನಪ್ಪಾ?"

"ಅವತ್ತು ನಾಲ್ಕೂಇಪ್ಪತ್ತರ ಸುಮಾರಿಗೆ ಐಸ್ ಕಾರ್ಖಾನೆಗೆ ಒಂದು ಫೋನು ಬಂದಿತ್ತು. ಪ್ರಲ್ಹಾದ ಎತ್ತಿದ. ಆ ಕಡೆ ಉಸಿರು ಕೇಳಿಸಿತಂತೆ, ಮಾತಿಲ್ಲ. ಇಟ್ಟುಬಿಟ್ಟರಂತೆ. ಆ ಹೊತ್ತಿಗೆ ಪುಣೆಯಿಂದ ಫೋನು ಮಾಡುವವರು ಆಜೋಬಾ ಬಿಟ್ಟರೆ ಇನ್ನಾರು? ನಮ್ಮ ಊರಿನವರೆಲ್ಲ ಹೇಳುವುದು ಒಂದೇ: ಅವತ್ತು ಅವರಿಗೆ ಎದೆಯಲ್ಲಿ ಏನೋ ಆಗಿರಬೇಕು, ಮಾತು ಹೊರಡಲಿಲ್ಲ. ಹೌದೇ, ಕಾಕೂ?"

ಪಾರವ್ವ ಅಲ್ಲವೆಂದು ತಲೆ ಅಲ್ಲಾಡಿಸಿದಳು.

"ನಾಲ್ಕೂಇಪ್ಪತ್ತಕ್ಕೆ ನನ್ನನ್ನು ಒಳಗಿನಿಂದ ತಂದು ಮಲಗಿಸಿದ್ದರು. ಕಣ್ಣಿಗೆ ಪಟ್ಟಿ. ಅವರ ಕೈ ನನ್ನ ಕೈಯಲ್ಲೇ ಇತ್ತು. ಕತ್ತಲಾಗುವ ತನಕ ಬಿಡಲಿಲ್ಲ."

"ಹಾಗಾದರೆ ಯಾರು?" ಎಂದ ಅವಧೂತ.

ಸಂಜು ಬಾಗಿಲಲ್ಲಿ ನಿಂತಿದ್ದವನು ಒಳಗೆ ಬಂದ. "ಯಾರೋ ರಾಂಗ್ ನಂಬರ್. ಅದನ್ನ ಹಿಡಕೊಂಡು ಕುಂಡ್ರಬ್ಯಾಡ್ರಿ. ನಡೀರಿ, ಎತ್ತೋಣು."

ತ್ರಿವೇಣಿಯ ಬುಟ್ಟಿ ತುಂಬಿತ್ತು. ಬಿಡಿಸಲು ಇನ್ನು ಎಲೆ ಉಳಿದಿರಲಿಲ್ಲ. ಅವಳು ಬರಿಯ ಟೊಂಗೆಯನ್ನು ಕೈಯಲ್ಲಿ ಹಿಡಿದು ಮುಳ್ಳು ಮುರಿಯತೊಡಗಿದಳು.

*

ಗಾಳಿಯ ಮರುದಿನ, ಸುದ್ದಿ ಇನ್ನೂ ಪುಣೆಗೆ ಬಂದಿರಲಿಲ್ಲ. ಹೊಳಬಸಪ್ಪನವರು ಬೆಳಿಗ್ಗೆ ಒಂಬತ್ತಕ್ಕೆ ಬಂದು, ಕೋಟು ಕಳಚುವ ಮೊದಲೇ ರಿಜಿಸ್ಟರು ತೆರೆದಿದ್ದರು. ಐದು ಗೀಟುಗಳನ್ನು ನೋಡಿದರು. ಎರಡನೆಯದು ಉಳಿದವುಗಳಿಗಿಂತ ತೆಳ್ಳಗಿತ್ತು, ಪೆನ್ನು ಒತ್ತಲು ಮನಸ್ಸಿಲ್ಲದ ಕೈ ಎಳೆದ ಹಾಗೆ.

"ಶಿಂಪಲೆವಾಡೀದು ಎರಡ ರಿಂಗ್ ಬಂದ್ವೇನ ತಂಗಿ?"

ಅವಳು ಫ್ಯಾಕ್ಸಿನ ಹಾಳೆಗಳನ್ನು ಜೋಡಿಸತೊಡಗಿದಳು. ಅವರು ಇನ್ನೊಮ್ಮೆ ಕೇಳಲಿಲ್ಲ. ಫೋನಿನ ಮುಂದೆ ಹೋಗಿ ಕೂತು ಐಸ್ ಕಾರ್ಖಾನೆಯ ನಂಬರು ತಿರುಗಿಸಿದರು. ಕೇಳುತ್ತ ಕೇಳುತ್ತ ಅವರ ಭುಜ ಇಳಿದುಹೋಯಿತು. ರಿಸೀವರ್ ಇಟ್ಟು, ಜೇಬಿನಿಂದ ಪೆನ್ನು ತೆಗೆದು, ಆ ತೆಳ್ಳನೆಯ ಗೀಟಿನ ಮೇಲೆ ಇನ್ನೊಂದು ಗೀಟು ಎಳೆದು, ಪಕ್ಕದಲ್ಲಿ ತಮ್ಮ ಸಹಿ ಹಾಕಿದರು.

ಮೂರು ದಿನ ಬಿಟ್ಟು ಸಂಸ್ಥೆಯ ಮುಖ್ಯಸ್ಥ ಪಂಢರಿನಾಥ ಸಭೆ ಕರೆದರು. ಹೊಳಬಸಪ್ಪನವರು ಎದ್ದು ನಿಂತು ಹೇಳಿದರು: ಮೇಲ್ ನಾನೇ ಕಳಿಸಿದೆ, ರಿಂಗಿಗೆ ಕಾಯದೆ ಗೀಟು ಎಳೆದು ಆಸ್ಪತ್ರೆಗೆ ಹೋದೆ, ಹುಡುಗಿಯನ್ನು ಆಗಲೇ ಮನೆಗೆ ಕಳಿಸಿದ್ದೆ. ತ್ರಿವೇಣಿ ಗೋಡೆಗೆ ಒತ್ತಿಕೊಂಡು ಕೂತಿದ್ದಳು. ಈಗ ಎದ್ದು ಹೇಳುತ್ತೇನೆ, ಈಗ, ಈಗ ಎಂದು ಒಳಗೇ ಎಣಿಸುತ್ತಿದ್ದಳು. ಸಭೆ ಮುಗಿಯಿತು.

ಮೆಟ್ಟಿಲಲ್ಲಿ ಅವಳು ಅವರ ಹಿಂದೆ ಓಡಿದಳು. "ಕಾಕಾ..." ಎಂದು ಅಲ್ಲಿಗೇ ನಿಂತಳು.

"ನಾ ರಿಟೈರ್ ಆದಾಂವ, ನನಗ ಇನ್ನೊಂದ ಸಲ ರಿಟೈರ್ ಮಾಡಿದ್ರು, ಅಷ್ಟ. ನೀ ಇನ್ನೂ ಚಾಲೂ ಮಾಡಬೇಕು." ಅವರು ಎರಡು ಮೆಟ್ಟಿಲು ಇಳಿದು ತಿರುಗಿದರು. "ಖರೇ, ಒಂದ ಮಾತು. ಮುಟ್ಟಸೋದು ಉಳದದ, ಅದನ್ನ ಮರೀಬ್ಯಾಡ. ಎಂದ ಆಗ್ತದೋ ಅಂದ."

ಆಮೇಲೆ ಅವರು ಆಫೀಸಿನ ಮೆಟ್ಟಿಲು ಹತ್ತಲಿಲ್ಲ. ತ್ರಿವೇಣಿ ದಿನಾ ಹತ್ತಿದಳು. ಮೇಲ್ ಕಳಿಸಿದಳು, ರಿಂಗು ಎಣಿಸಿದಳು. ಬರದ ದಿನ ಇನ್ನೊಬ್ಬರ ಕೈಯಲ್ಲಿ ಫೋನು ಮಾಡಿಸಿದಳು. ಭೋಸರಿಯ ಬಸ್ಸು ಎದುರಿಗೇ ನಿಂತು ಹೋಗುತ್ತಿತ್ತು. ಒಂದು ದಿನವೂ ಹತ್ತಲಿಲ್ಲ. ಡೈರಿಯಲ್ಲಿ ಮಾತ್ರ ಎಷ್ಟೋ ಪುಟ ಬರೆದಳು. ಡೈರಿಯೂ ಆ ಟೈಮ್ ಹೇಳುವ ಹೆಂಗಸಿನಂಥದೇ, ಕೇಳುತ್ತಿರಲಿಲ್ಲ.

*

"ಅಯ್ಯನಾರ, ಎತ್ತೋಣೇನ್ರಿ?" ಸಂಜು ಕೇಳಿದ.

"ಎತ್ತಬೇಕಪಾ. ಹೊತ್ತ ಮುಣಗೋದ್ರಾಗ ಮಣ್ಣು ಕೊಡಬೇಕು, ಕುಣಿ ತೋಡಿ ಇಟ್ಟಾರ," ಎಂದು ಅಯ್ಯನವರು ಎದ್ದರು. ನಾಲ್ಕು ಜನ ಧೋತರ ಬಿಗಿದುಕೊಂಡು ಮುಂದೆ ಬಂದರು.

ಗೋದಾ ಪಾರವ್ವನ ಕಿವಿಯಲ್ಲಿ ಏನೋ ಹೇಳಿದಳು. ಪಾರವ್ವ ಕೈ ಅಡ್ಡ ಮಾಡಿದಳು.

"ಸ್ವಲ್ಪ ತಡೀರಿ. ನಾಕಕ್ಕ ಅವರ ಊರಾಗ ಭೋಂಗಾದಾಗ ಹೇಳತಾರಂತ, ಆಜೋಬಾ ಹೋದ್ರು ಅಂತ. ಇವತ್ತ ಯಾರೂ ದೋಣಿ ಬಿಡೋದಿಲ್ಲಂತ. ಹೇಳಿ ಮುಗದ ಮ್ಯಾಲೆ ಇಲ್ಲಿಗೆ ಎರಡ ರಿಂಗ್ ಕೊಡತಾರ. ಅದು ಬರಲಿ, ಆಮ್ಯಾಲೆ ಎತ್ರಿ."

"ಅವ್ವಾ, ರಿಂಗಿಗೆ ಹೆಣ ಕಾಯಸ್ತಾರೇನಬೇ?"

"ಎರಡ ರಿಂಗ್ ಬರೂ ತನಕ ಅವರು ಮಧ್ಯಾಹ್ನ ಚಹಾ ಸೈತ ಕುಡೀತಿದ್ದಿಲ್ಲ. ಈಗಿಂದೀಗ ಎಬ್ಬಸಬ್ಯಾಡ್ರಿ."

ನಾಲ್ಕು ಹೊಡೆಯಿತು. ಊದುಬತ್ತಿಯ ಬೂದಿ ಬಾಗಿ ಮುರಿದು ಬಿತ್ತು. ಎಲ್ಲರೂ ಮಾಡದ ಕಡೆ ನೋಡುತ್ತ ನಿಂತರು. ಸಂಜು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ, ರಾಧಾಬಾಯಿ ಬಾಯಲ್ಲೇ ವಿಠ್ಠಲ ವಿಠ್ಠಲ ಅನ್ನುತ್ತಿದ್ದಳು, ಟೆಂಪೋದವನ ಹಾರ್ನು ಕೆಳಗಿನಿಂದ ಬಂದು ಬಂದು ಹೋಗುತ್ತಿತ್ತು. ನಾಲ್ಕೂಐದು. ಹೊಳಬಸಪ್ಪನವರೂ ಕಿವಿಗೊಟ್ಟು ಕೂತಿದ್ದರು. ನಾಲ್ಕೂಹತ್ತು. ಫೋನು ಸುಮ್ಮನಿತ್ತು.

"ತಂತಿ ಮತ್ತೆ ಹೋಗಿರಬೇಕು," ಎಂದಳು ಗೋದಾ. "ಹತ್ತು ನಿಮಿಷವಾಯಿತು. ಐಸ್ ಕಾರ್ಖಾನೆಗೆ ಮಾಡುತ್ತೇನೆ." ಅವಳು ಏಳಲು ನೆಲಕ್ಕೆ ಕೈ ಊರಿದಳು.

"ಬ್ಯಾಡ. ನಾ ಮಾಡತೇನಿ."

ಯಾರು ಹೇಳಿದ್ದೆಂದು ಕೋಣೆಯಲ್ಲಿ ಮೊದಲು ತಿಳಿಯಲಿಲ್ಲ. ಆ ಧ್ವನಿಯನ್ನು ಅಲ್ಲಿ ಹೆಚ್ಚಿನವರು ಕೇಳಿರಲೇ ಇಲ್ಲ. ತ್ರಿವೇಣಿ ಬುಟ್ಟಿ ಸರಿಸಿ ಎದ್ದು, ಹೂವು ತುಳಿಯದಂತೆ ದಾಟಿ, ಮಾಡದ ಮುಂದೆ ನಿಂತಳು. ನಂಬರನ್ನು ಅವಳು ಯಾರನ್ನೂ ಕೇಳಲಿಲ್ಲ. ಎರಡು ವರ್ಷದಿಂದ ಅದು ಬೆರಳಲ್ಲೇ ಇತ್ತು.

ಆ ಕಡೆ ಎತ್ತಿದರು. ಭರಭರ ಮಷಿನ್ನಿನ ಸದ್ದು.

"ಹ್ಯಾಲೋ, ಕೋಣ?"

ನಾಲಿಗೆ ಅಂಗುಳಕ್ಕೆ ಅಂಟಿತು. ಅವಳ ಉಸಿರು ರಿಸೀವರಿನಲ್ಲಿ ಅವಳಿಗೇ ದೊಡ್ಡದಾಗಿ ಕೇಳಿಸುತ್ತಿತ್ತು.

"ಹ್ಯಾಲೋ! ಅರೇ, ಕೋಣ ಆಹೇ?"

"ಮಾತಾಡವಾ," ಹಿಂದಿನಿಂದ ರಾಧಾಬಾಯಿ ತಿವಿದಳು. "ಅವಾ ಇಟ್ಟಬಿಡತಾನ."

ಬಾಯಿಂದ ಹೊರಟಾಗ ಅದು ಮರಾಠಿಯಾಗಿರಲಿಲ್ಲ. ಅಪ್ಪನ ಜೊತೆ, ಕಾಕಾನ ಜೊತೆ, ಡೈರಿಯ ಜೊತೆ ಆಡುವ ಮಾತಾಗಿತ್ತು.

"ಅವತ್ತ ಫೋನ್ ಮಾಡಿ ಮಾತಾಡದ ಇಟ್ಟಾಕಿ ನಾನು. ರಿಂಗ್ ಬರದ ಗೀಟ ಎಳದಾಕೀನೂ ನಾನ. ಕಾಕಾ ಅಲ್ಲ. ಕಾಕುನ ಕಣ್ಣಿನ ಸಲುವಾಗಿ ಅಲ್ಲ. ನನಗ ಮಾತಾಡ್ಲಿಕ್ಕೆ ಅಂಜಿಕಿ ಆತು, ಅದಕ್ಕ."

ಕೋಣೆಯಲ್ಲಿ ಅಯ್ಯನವರ ಕೈಯೊಳಗಿನ ಗಂಟೆ ಒಂದು ಸಲ ತಾನಾಗಿ ಕಿಣಿ ಎಂದಿತು. ಸಂಜು ಅವಳತ್ತ ಎರಡು ಹೆಜ್ಜೆ ಇಟ್ಟು, ಮೂರನೆಯದನ್ನು ಇಡಲಾರದೆ ನಿಂತ. ಪಾರವ್ವನ ಅಂಗೈ ಕಣ್ಣಿನ ಮೇಲಿಂದ ಮೆಲ್ಲಗೆ ಕೆಳಗಿಳಿಯಿತು. ಕನ್ನಡ ಬಾರದ ಗೋದಾ ಮತ್ತು ಅವಧೂತ ಏನೂ ತಿಳಿಯದೆ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು. ಟವೆಲು ಜಾರಿ ಅವನ ಎಡಗೈ ಹೊರಗೆ ಬಂದಿತ್ತು.

"ಕಾಯ್?" ಆ ಕಡೆಯಿಂದ ಪ್ರಲ್ಹಾದ ಒದರಿದ. ಅದು ಇಡೀ ಕೋಣೆಗೆ ಕೇಳಿಸಿತು. "ಕಾಯ್ ಮ್ಹಣತೇಯ್? ಜೋರಾತ್ ಬೋಲಾ, ಮಷಿನ್ ಚಾಲೂ ಆಹೇ!"

ತ್ರಿವೇಣಿ ಪಾರವ್ವನ ಕಡೆ ನೋಡಿದಳು. ಆ ಮುಖದಲ್ಲಿ ಏನಿದೆ ಎಂದು ಓದಲಾಗಲಿಲ್ಲ.

"ಅವಗ ಕೇಳಸಲಿಲ್ಲಂತ," ಎಂದಳು ಪಾರವ್ವ. "ಜೋರಾಗಿ ಹೇಳು. ಅವಗ ತಿಳಿಯೂವಂಗ ಹೇಳು."

ರಿಸೀವರಿನ ಸುರುಳಿ ವೈರು ಮಾಡದಿಂದ ಇಳಿದು ಹೊಳಬಸಪ್ಪನವರ ಮೊಣಕಾಲಿನ ಮೇಲೆ ಹಾದಿತ್ತು. ತ್ರಿವೇಣಿ ಎರಡೂ ಕೈಯಲ್ಲಿ ರಿಸೀವರ್ ಹಿಡಿದು, ಅವಧೂತನ ಕಡೆ ತಿರುಗಿ ನಿಂತು, ಐಸ್ ಮಷಿನ್ನಿನ ಸದ್ದಿಗಿಂತ ಜೋರಾಗಿ, ಮರಾಠಿಯಲ್ಲಿ, ಮೊದಲಿನಿಂದ ಹೇಳತೊಡಗಿದಳು. ಅವಳ ಒಂದೊಂದು ಮಾತಿಗೂ ವೈರು ಎಳೆದುಕೊಂಡು, ಅವರ ತೊಡೆಯ ಮೇಲಿನ ಬಿಳಿ ರಬ್ಬರು ಸ್ವಲ್ಪ ಸ್ವಲ್ಪವೇ ಅಲುಗುತ್ತಿತ್ತು.